ಏಳನೆಯ ಕಲಂ

ಕಮಲಾಪುರ
ದುರ್ಮತಿ ಸಂವತ್ಸರ, ೧೬ ಜೂನ್ ೧೯೨೧

ಚಿರಂಜೀವಿ ತಮ್ಮ ಅಣವೀರಪ್ಪನಿಗೆ ಅಕ್ಕ ನೀಲಗಂಗಮ್ಮ ಹರಸಿ ಬರೆಯುವುದು.

ನಾವಿಬ್ಬರೂ ಚೆನ್ನಾಗಿದ್ದೇವೆ. ಮುಂಗಾರಿನ ಮಿರಗದ ಮಳೆ ಎರಡು ದಿನ ಬಂದು ಹೋಯಿತು. ತೋಟದವರು ಕೆಂಪು ಬಾಳೆಯ ಒಂದು ಗೊನೆ ಕೊಟ್ಟರು. ನೀನಿದ್ದರೆ ಅರ್ಧ ನಿನ್ನ ಪಾಲಾಗುತ್ತಿತ್ತು.

ಇದರೊಳಗೆ ಒಂದು ಕಾಗದ ಮಡಚಿ ಇಟ್ಟಿದ್ದೇನೆ. ನಿನ್ನ ಭಾವನನ್ನು ಕುದುರೆ ದಂಡಿನಿಂದ ಬಿಡಿಸಿ ಕಳಿಸುವಾಗ ಕೊಟ್ಟದ್ದು. ಒಂದು ಬದಿ ಉರ್ದು, ಇನ್ನೊಂದು ಬದಿ ಇಂಗ್ಲಿಷು. ಅಪ್ಪ ನನಗೆ ಮಠದಲ್ಲಿ ಕಲಿಸಿದ ಕನ್ನಡ ಅದರಲ್ಲಿ ಎಲ್ಲೂ ಇಲ್ಲ. ಅವರು ಯುದ್ಧದಿಂದ ಬಂದು ಎರಡು ವರ್ಷವಾಯಿತು. ಬಂದ ದಿನವೇ ಇದನ್ನು ಗೋಡೆಯ ಗೂಡಿನಲ್ಲಿ ತುರುಕಿದವರು ಮತ್ತೆ ಕೈಯಿಂದ ಮುಟ್ಟಿಲ್ಲ. ನಾನು ಹೇಳದೆ ತೆಗೆದಿದ್ದೇನೆ. ಬೇಗ ಮರಳಿ ಕಳಿಸು.

ಮಹಾಗಾಂವದಲ್ಲಿ ಒಬ್ಬರಿಗೆ ದಂಡಿನ ಪಿಂಚಣಿ ಬರುತ್ತದೆ. ಅವರದು ಎಂಟೇ ವರ್ಷದ ನೌಕರಿ, ಒಂದು ಕಣ್ಣು ಹೋಗಿದೆ. ನಮ್ಮವರು ಹದಿನೈದು ವರ್ಷ ದುಡಿದವರು, ಬಲ ಮೊಣಕಾಲು ಮಡಚುವುದಿಲ್ಲ. ಅವರಿಗೆ ಸಲ್ಲುವುದು ನಮಗೇಕೆ ಸಲ್ಲುವುದಿಲ್ಲ? ಕೇಳಿದರೆ, "ನನಗ ಬರೂದು ಏನೂ ಇಲ್ಲ" ಎಂದು ಎದ್ದು ಹೋಗುತ್ತಾರೆ. ಕಾಲೊಂದು ಬಿಟ್ಟರೆ ಅವರಿಗೆ ಬೇರೆ ತೊಂದರೆ ಇಲ್ಲ. ನೀನು ವಕೀಲರ ಕಚೇರಿಯಲ್ಲಿ ಇರುವವನು, ನೋಡಿ ತಿಳಿಸು.

ನಿನ್ನ ಅಕ್ಕ


ಕಲಬುರಗಿ
೨೮ ಜೂನ್ ೧೯೨೧

ಅಕ್ಕನಿಗೆ ಅಣವೀರಪ್ಪನ ಶರಣು.

ಕಾಗದವನ್ನು ವಕೀಲರಿಗೆ ತೋರಿಸಿದೆ. ಜನ ಪಿಂಚಣಿ ಎಂದು ಒಂದೇ ಹೆಸರಿನಿಂದ ಕರೆಯುವುದು ನಿಜವಾಗಿ ಎರಡು. ಮೊದಲನೆಯದು ದುಡಿದ ವರ್ಷಗಳಿಗೆ ಕೊಡುವುದು. ಅದಕ್ಕೆ ಹದಿನೈದು ವರ್ಷ ತುಂಬಿರಬೇಕು. ಮೈಗೆ ಏನೂ ಆಗದೆ ಮನೆಗೆ ಬಂದವನಿಗೂ ಅದು ಸಲ್ಲುತ್ತದೆ. ಎರಡನೆಯದು ನೌಕರಿಯಲ್ಲಿ ಮೈಗೆ ಆದ ಊನಕ್ಕೆ ಕೊಡುವುದು. ಅದಕ್ಕೆ ವರ್ಷಗಳ ಲೆಕ್ಕವಿಲ್ಲ. ಡಾಕ್ಟರುಗಳು ಕುಳಿತು ಊನ ಎಷ್ಟು ಎಂದು ಅಳೆಯುತ್ತಾರೆ, ಅದು ನೌಕರಿಯಿಂದಲೇ ಆಯಿತೇ ಎಂದು ವಿಚಾರಿಸುತ್ತಾರೆ. ಮಹಾಗಾಂವದವರಿಗೆ ಬರುವುದು ಇದು. ಒಂದು ಸಿಕ್ಕಿತೆಂದು ಇನ್ನೊಂದು ತಪ್ಪುವುದಿಲ್ಲ, ಎರಡನ್ನೂ ಕೇಳಬಹುದು.

ಆದರೆ ಭಾವನವರಿಗೆ ಎರಡು ಬಾಗಿಲೂ ಮುಚ್ಚಿವೆ. ಅವರ ನೌಕರಿಯನ್ನು ಹದಿನಾಲ್ಕು ವರ್ಷ ಏಳು ತಿಂಗಳು ಎಂದು ಬರೆದಿದ್ದಾರೆ. ಕೊನೆಗೆ ದವಾಖಾನೆಯಲ್ಲಿ ಮಲಗಿದ ಎಂಟು ತಿಂಗಳನ್ನು ಸೇರಿಸಿಲ್ಲ. ಯಾಕೆಂದರೆ ಪೆಟ್ಟು ಹೇಗಾಯಿತು ಎಂದು ಕೇಳುವ ಏಳನೆಯ ಕಲಮಿನಲ್ಲಿ, "ಕುದುರೆಯ ಒದೆತ, ಸ್ವಂತ ಅಜಾಗರೂಕತೆ" ಎಂದಿದೆ. ತಪ್ಪು ತನ್ನದೇ ಆದರೆ ಊನದ ಪಿಂಚಣಿಯೂ ಇಲ್ಲ, ಮಲಗಿದ ತಿಂಗಳೂ ಲೆಕ್ಕಕ್ಕಿಲ್ಲ. ಆ ಒಂದು ಮಾತು ಅಳಿಸಿದರೆ ಎರಡೂ ತೆರೆಯುತ್ತವೆ. ಇಂಥ ಹಳೆಯ ಅರ್ಜಿಗಳನ್ನು ಕೇಳುವ ಮಂಡಳಿ ಅಕ್ಟೋಬರಿನಲ್ಲಿ ಇಲ್ಲಿಗೆ ಬರುತ್ತದೆ. ಇದೇ ಕಡೆಯ ಸಲವಂತೆ.

ಅವರೇ ನಡೆದದ್ದನ್ನು ಹೇಳಬೇಕು. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಹದಿನೈದು ವರ್ಷ ಕುದುರೆಯ ಹಿಂದೆ ಹೋದವರು ಕಡೆಗೆ ಕುದುರೆಯಿಂದಲೇ ಒದೆಸಿಕೊಂಡು ಬಂದರೆ, ಅದನ್ನು ಹೇಳಲು ನಾಚಿಕೆ ಇರಬಹುದು. ಆದರೂ ಹೇಳದೆ ಕೆಲಸ ಆಗುವುದಿಲ್ಲ.

ಅಣವೀರಪ್ಪ


ಕಮಲಾಪುರ
೧೭ ಜುಲೈ ೧೯೨೧

ತಮ್ಮ ಅಣವೀರಪ್ಪನಿಗೆ.

ನಿನ್ನ ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕಡೆಯ ಮಾತು ಬಂದಾಗ ಬಾಯಿ ತಡೆಯುವಷ್ಟರಲ್ಲಿ ಅರ್ಧ ಹೊರಬಿದ್ದಿತ್ತು. ಅವರು, "ಪೂರಾ ಓದು" ಎಂದರು. ಓದಿದೆ. "ನಿನ್ನ ತಮ್ಮ ಖರೇನೇ ಬರದಾನ" ಎಂದರು. ಅವತ್ತು ಊಟಕ್ಕೆ ಏಳಲಿಲ್ಲ.

ನೀನು ಕಾಯಿದೆಯ ಮಾತು ಬರೆದದ್ದಕ್ಕೆ ನನಗೆ ಸಂತೋಷ. ಆ ಮಾತು ಬೇಕಿರಲಿಲ್ಲ. ಅವರು ಹೋದದ್ದು ಕುದುರೆಗಳ ಮೇಲಿನ ಪ್ರೀತಿಗೆ, ನಾನು ಒಪ್ಪಿಯೇ ಕಳಿಸಿದ್ದೆ. ರಜೆಯಲ್ಲಿ ಬಂದರೆ ಅರ್ಧ ದಿನ ಸುರ್ಮಾ ಎಂಬ ತಮ್ಮ ಕುದುರೆಯ ಮಾತೇ. ಈಗ ಊರ ಟಾಂಗಾ ನಿಲ್ಲುವ ಕಡೆ ಕುದುರೆ ಕಂಡರೆ ಹೊಲದ ಬದುವಿನ ಮೇಲೆ ಸುತ್ತು ಹಾಕಿ, ಆ ಕುಂಟುಗಾಲಿನಲ್ಲಿ ದೂರದ ದಾರಿಯಿಂದ ಮನೆಗೆ ಬರುತ್ತಾರೆ. ಒದೆ ತಿಂದವರಿಗೆ ಹೆದರಿಕೆ ಇದ್ದೇ ಇರುತ್ತದೆ ಎಂದು ನಾನು ಸುಮ್ಮನಿದ್ದೇನೆ.

ಹೇಗಾಯಿತು ಎಂದು ಕೇಳಿದೆ. "ಕುದುರಿ ತಪ್ಪಲ್ಲ. ನನ್ನ ತಪ್ಪು" ಎಂದಷ್ಟೇ ಹೇಳಿದರು. ಅವರ ಜೊತೆ ದಂಡಿನಲ್ಲಿದ್ದ ದಫೇದಾರ ಕರೀಂಸಾಬ್ ಎಂಬುವರು ಕಲಬುರಗಿಯಲ್ಲಿ ದರ್ಗಾದ ಹತ್ತಿರ ಇದ್ದಾರೆ. ಅವರನ್ನು ಕಂಡು ಕೇಳಿ ನೋಡು.

ನೀಲಗಂಗಮ್ಮ


ಕಲಬುರಗಿ
೫ ಆಗಸ್ಟ್ ೧೯೨೧

ಅಕ್ಕನಿಗೆ ಶರಣು.

ನಾನು ಬರೆದ ಮಾತಿಗೆ ಕ್ಷಮೆ ಕೇಳುತ್ತೇನೆ. ಭಾವನವರಿಗೂ ಇದನ್ನು ಓದಿ ಹೇಳು.

ಕರೀಂಸಾಬರನ್ನು ಕಂಡೆ. ಭಾವನವರ ಹೆಸರು ಹೇಳಿದ ಕೂಡಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಪೆಟ್ಟು ಶತ್ರುಗಳ ಗುಂಡಿನ ದಾಳಿಯಲ್ಲಿ ಆಯಿತು, ನಾನು ಕಣ್ಣಾರೆ ಕಂಡೆ ಎಂದು ರುಜು ಮಾಡಿ ಕೊಡಲು ತಯಾರಿದ್ದಾರೆ. ಅದು ನಡೆದದ್ದಲ್ಲ ಎಂದು ಅವರಿಗೂ ಗೊತ್ತು, ನನಗೂ ಈಗ ಗೊತ್ತು. ಆದರೆ ಅವರ ರುಜು ಇದ್ದರೆ ಮಂಡಳಿ ಹೆಚ್ಚು ಕೇಳುವುದಿಲ್ಲ. ಭಾವನವರ ಒಪ್ಪಿಗೆ ಬೇಕು.

ನಡೆದದ್ದನ್ನೂ ಅವರು ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಭಾವನವರು ಇಷ್ಟು ವರ್ಷ ನಿನಗೆ ಹೇಳಿಲ್ಲವೆಂದರೆ ನಾನು ಹೇಳುವುದು ಸರಿಯಲ್ಲ.

ಅಣವೀರಪ್ಪ


ಕಮಲಾಪುರ
೧೩ ಆಗಸ್ಟ್ ೧೯೨೧

ಅಣವೀರಪ್ಪ,

ನಿನ್ನ ಪತ್ರ ಬಂದಾಗಿನಿಂದ ನನ್ನ ಕೈಗೆ ಕೆಲಸ ಹತ್ತುತ್ತಿಲ್ಲ. ಅಕ್ಕನಿಗೆ ಹೇಳಬಾರದಂಥದು ಏನು? ರಣದಿಂದ ಓಡಿ ಬಂದರೇ? ಅಲ್ಲಿ ದಂಡು ಹೋಗಿದ್ದ ಮಿಸರ ದೇಶದಲ್ಲಿ ಇನ್ನೊಂದು ಸಂಸಾರ ಇದೆಯೇ? ಯಾವುದಿದ್ದರೂ ಬರೆ. ತಿಳಿಯದೆ ಇರುವುದು ತಿಳಿದದ್ದಕ್ಕಿಂತ ಕಷ್ಟ.

ನಾನೂ ನಿನಗೆ ಒಂದು ಮಾತು ಮುಚ್ಚಿಟ್ಟಿದ್ದೆ. ಎರಡು ವರ್ಷದಿಂದ ಊರವರ ಮನೆಗೆ ಕೌದಿ ಹೊಲಿದು ಕೊಡುತ್ತಿದ್ದೇನೆ, ಮನೆ ನಡೆಯುವುದು ಅದರಿಂದಲೇ. ಕಾಲೊಂದು ಬಿಟ್ಟರೆ ಬೇರೆ ತೊಂದರೆ ಇಲ್ಲ ಎಂದು ಬರೆದದ್ದೂ ನಿಜವಲ್ಲ. ಅವರು ಯಾರ ಹೊಲಕ್ಕೂ ಹೋಗುವುದಿಲ್ಲ, ಯಾರ ಜೊತೆಯೂ ಕೂಡುವುದಿಲ್ಲ. ಬಾಗಿಲು ದಢಾರನೆ ಹಾಕಿಕೊಂಡರೆ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ.

ಕರೀಂಸಾಬರ ರುಜುವಿಗೆ ಅವರು ಒಪ್ಪಲಿಲ್ಲ. "ಅಂವ ನನ್ನ ಸಲುವಾಗಿ ಆವತ್ತೇ ಸಾಕಷ್ಟು ಮಾಡ್ಯಾನ. ಈಗ ಸುಳ್ಳು ಹೇಳಸಾಕ ನಾ ಒಲ್ಲೆ" ಎಂದರು.

ಅಕ್ಕ


ಕಲಬುರಗಿ
೧೯ ಆಗಸ್ಟ್ ೧೯೨೧

ಅಕ್ಕನಿಗೆ ಶರಣು.

ಓಡಿ ಬಂದಿಲ್ಲ. ಇನ್ನೊಂದು ಸಂಸಾರ ಇಲ್ಲ. ಇವೆರಡನ್ನೂ ಮನಸ್ಸಿನಿಂದ ತೆಗೆದುಹಾಕು. ನಾನು ಅರ್ಧ ಬರೆದು ನಿನ್ನನ್ನು ಹೆದರಿಸಿದೆ. ಕೌದಿಯ ಮಾತನ್ನು ಎರಡು ಸಲ ಓದಿದೆ. ಒಂದು ದಿನದ ಬಂಡಿ ದಾರಿಯಲ್ಲಿ ಇದ್ದು ಎರಡು ವರ್ಷ ನಾನು ನಿನ್ನ ಮನೆಗೆ ಬಂದಿಲ್ಲ; ಭಾವನವರ ಮೇಲಿನ ಸಿಟ್ಟಿನಿಂದ ಬಂದಿಲ್ಲ. ಅದನ್ನು ಇಲ್ಲಿಗೆ ಬಿಡುತ್ತೇನೆ.

ಮಂಡಳಿಯ ಅರ್ಜಿಯನ್ನು ಕನ್ನಡಕ್ಕೆ ಇಳಿಸಿ ಕಳಿಸಿದ್ದೇನೆ. ಒಟ್ಟು ಹನ್ನೊಂದು ಪ್ರಶ್ನೆ. ನಮ್ಮ ಕಚೇರಿಗೆ ಬರುವವರು ತಮ್ಮ ಮನೆಯಲ್ಲಿ ಹೇಳದ ಮಾತನ್ನು ಕಾಗದದ ಮುಂದೆ ಹೇಳುವುದನ್ನು ನಾನು ನೋಡಿದ್ದೇನೆ. ನೀನು ಹೆಂಡತಿಯಾಗಿ ಕೇಳಬೇಡ. ಲೇಖಣಿಕೆ ಹಿಡಿದು ಗುಮಾಸ್ತನ ಹಾಗೆ ಒಂದೊಂದೇ ಪ್ರಶ್ನೆ ಓದು, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೋ. ನಡುವೆ ಮಾತಾಡಬೇಡ.

ಅಣವೀರಪ್ಪ


ಕಮಲಾಪುರ
೧೦ ಸೆಪ್ಟೆಂಬರ್ ೧೯೨೧

ತಮ್ಮ ಅಣವೀರಪ್ಪನಿಗೆ ಅಕ್ಕನ ಆಶೀರ್ವಾದ.

ನೀನು ಹೇಳಿದ ಹಾಗೆ ಮಾಡಿದೆ. ಮಧ್ಯಾಹ್ನ ಬೇವಿನ ನೆರಳಿನಲ್ಲಿ ಕುಳಿತೆವು. ಹೆಸರು, ಊರು, ಸೇರಿದ ವರ್ಷ, ಎಲ್ಲಕ್ಕೂ ಸಿಪಾಯಿಯ ಹಾಗೆ ಚುಟುಕಾಗಿ ಉತ್ತರ ಕೊಟ್ಟರು. ಏಳನೆಯದನ್ನು, ಪೆಟ್ಟು ಹೇಗಾಯಿತು ಎಂಬುದನ್ನು, ಓದಿದಾಗ ನನ್ನ ಕಡೆ ಬೆನ್ನು ಮಾಡಿ ಕುಳಿತರು. ನಾನು ಕಾದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಯುದ್ಧ ಮುಗಿಯೋ ಹೊತ್ತು. ಮೂರು ದಿನ ನೀರಿಲ್ಲದ ದಾರಿ. ಹತ್ತೊಂಬತ್ತು ಕುದುರಿ ಮುಂದ ನಡ್ಯಾಕ ಒಲ್ಲೆ ಅಂದವು. ಬಿಟ್ಟು ಹೋದ್ರ ನರಳಿ ಸಾಯ್ತಾವ, ಗುಂಡು ಹಾಕ್ರಿ ಅಂತ ಹುಕುಂ ಆತು. ಆ ಕೆಲಸ ನನಗ ಕೊಟ್ರು. ಯಾಕಂದ್ರ ಎಂಥಾ ಕುದುರಿ ಇದ್ರೂ ನಾ ಬಾಜೂಕ ನಿಂತ್ರ ಸುಮ್ಮನ ನಿಲ್ತಿತ್ತು. ಒಂದೊಂದರ ಕುತ್ತಿಗಿ ಮ್ಯಾಲ ಕೈ ಇಟ್ಟೆ. ಒಂದೂ ಮಿಸುಕಾಡಲಿಲ್ಲ. ಹದಿನೆಂಟು ಆದವು. ಕಡೀದು ಸುರ್ಮಾ. ಅದರ ಮುಂದ ನಿಂತು ಪಿಸ್ತೂಲು ಕೆಳಗ ಇಟ್ಟು, ಹಗ್ಗ ಬಿಚ್ಚಿ ಬಿಟ್ಟೆ. ಎತ್ತಾಗಾರ ಹೋಗಲಿ ಅಂತ. ಅಷ್ಟೊತ್ತಿನ ತನಕ ಗುಂಡಿನ ಸಪ್ಪಳ ಕೇಳಿ ಹೆದರಿತ್ತು. ಒದೀತು. ನಾ ಬಿದ್ದೆ. ಆಮ್ಯಾಲೆ ಕರೀಂಸಾಬ್ ಬಂದು ಆ ಕೆಲಸ ಮುಗಿಸಿದ."

ಇಷ್ಟು ಬರೆದುಕೊಂಡು ನೀನು ಬೇಡವೆಂದರೂ ನಾನು ಒಂದು ಮಾತು ಕೇಳಿದೆ. "ಟಾಂಗಾ ಕುದುರಿ ಕಂಡ್ರ ಸುತ್ತು ಹಾಕಿ ಬರ್ತೀರಿ. ಇನ್ನೂ ಅಂಜಿಕಿ ಅದ ಏನ್ರಿ?" ಎಂದೆ.

"ಅಂಜಿಕಿ ಅಲ್ಲ. ನಾ ಹತ್ತಿರ ಹೋದ್ರ ಅವು ಇನ್ನೂ ಸುಮ್ಮನ ನಿಂತುಬಿಡ್ತಾವ. ಅದನ್ನ ತಡಕೊಳ್ಳಾಕ ಆಗಂಗಿಲ್ಲ ನನಗ" ಎಂದರು.

ನಾನು ಎರಡು ವರ್ಷ ಅದನ್ನು ಹೆದರಿಕೆ ಎಂದುಕೊಂಡಿದ್ದೆ ತಮ್ಮಾ. ಲೇಖಣಿಕೆ ಕೆಳಗಿಟ್ಟು ಅವರ ಬೆನ್ನಿನ ಮೇಲೆ ಕೈ ಇಟ್ಟೆ. ನಾನು ಕೈ ಇಟ್ಟಾಗ ಅವರ ಮೈ ಬಿಗಿದುಕೊಂಡಿತು, ಆದರೆ ಎದ್ದು ಹೋಗಲಿಲ್ಲ.

ಇದು ಅಜಾಗರೂಕತೆ ಹೇಗಾಗುತ್ತದೆ? ಹೀಗೆಂದು ಬರೆದವರು ಯಾರು?

ಅಕ್ಕ


ಕಲಬುರಗಿ
೨೫ ಸೆಪ್ಟೆಂಬರ್ ೧೯೨೧

ಅಕ್ಕನಿಗೆ ಶರಣು.

ಈಗ ನಿನಗೆ ಗೊತ್ತಾದ್ದರಿಂದ ಕರೀಂಸಾಬರಿಂದ ಕೇಳಿದ ಉಳಿದದ್ದನ್ನೂ ಬರೆಯಬಹುದು. ಹಾಗೆ ಬರೆದವರು ಅವರ ಮೇಲಿನ ಅಧಿಕಾರಿ, ಅದೂ ಭಾವನವರ ಮೇಲಿನ ದಯೆಯಿಂದ. ಹುಕುಂ ಮುರಿದ ಎಂದು ಬರೆದಿದ್ದರೆ ಯುದ್ಧಕಾಲದಲ್ಲಿ ಶಿಕ್ಷೆ ಆಗುತ್ತಿತ್ತು. ಅಜಾಗರೂಕತೆ ಎಂದು ಬರೆದು ಉಳಿಸಿದರು. ಉಳಿಸಿದ ಅದೇ ಮಾತು ಈಗ ಪಿಂಚಣಿಗೆ ಅಡ್ಡ ನಿಂತಿದೆ.

ವಕೀಲರು ಮೂರು ದಾರಿ ಹೇಳಿದರು. ಸುಮ್ಮನಿದ್ದರೆ ಏನೂ ಬರುವುದಿಲ್ಲ, ಏನೂ ಹೋಗುವುದೂ ಇಲ್ಲ. ಕರೀಂಸಾಬರ ರುಜು ಹಾಕಿದರೆ ಹೆಚ್ಚುಕಡಿಮೆ ಎರಡೂ ಬರುತ್ತವೆ. ನಿಜ ಹೇಳಿದರೆ ಎರಡು ರೀತಿ ಆಗಬಹುದು. ಹುಕುಮಿನ ಕೆಲಸದಲ್ಲಿ ನಿಂತಿದ್ದಾಗಲೇ ಪೆಟ್ಟಾಯಿತು ಎಂದು ಮಂಡಳಿ ಒಪ್ಪಬಹುದು. ಇಲ್ಲವೇ ಹುಕುಂ ಮುರಿದವನೆಂದು ಹೆಸರನ್ನೇ ಕೆಡಿಸಬಹುದು. ನಿಜ ಹೇಳಬೇಡಿ ಎಂದು ವಕೀಲರ ಸಲಹೆ. ನಾನು ಯಾವ ಸಲಹೆಯನ್ನೂ ಕೊಡುವುದಿಲ್ಲ.

ಮಂಡಳಿ ಅಕ್ಟೋಬರ್ ಹದಿನೇಳರಂದು ಐವಾನ್-ಎ-ಶಾಹಿ ಮಹಲಿನ ಹತ್ತಿರದ ಬಂಗಲೆಯಲ್ಲಿ ಕೂಡುತ್ತದೆ. ಬರುವುದಾದರೆ ಎತ್ತಿನ ಬಂಡಿ ಗೊತ್ತು ಮಾಡಿ ಕಳಿಸುತ್ತೇನೆ. ಟಾಂಗಾ ಬೇಡ.

ಅಣವೀರಪ್ಪ


ಕಮಲಾಪುರ
೧೫ ಅಕ್ಟೋಬರ್ ೧೯೨೧

ಅಣವೀರಪ್ಪ,

ಈ ಚೀಟಿ ಅವರ ಕೈಯಲ್ಲೇ ಬರುತ್ತದೆ. ನಾನೂ ಬರುತ್ತೇನೆಂದೆ, ಬೇಡವೆಂದರು. "ನಿನ್ನ ಮುಂದ ಒಮ್ಮೆ ಹೇಳೀನಿ. ಇನ್ನೊಮ್ಮೆ ಹೇಳಾಕ ಆಗಂಗಿಲ್ಲ" ಎಂದರು. ಅಲ್ಲಿ ಏನು ಹೇಳಬೇಕೆಂದು ಮಾಡಿದ್ದಾರೋ ನಾನು ಕೇಳಿಲ್ಲ. ಬುತ್ತಿಯಲ್ಲಿ ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿ ನಿನಗೂ ಇದೆ. ಮೆಟ್ಟಿಲು ಇದ್ದಲ್ಲಿ ತೋಳು ಹಿಡಿ. ಹಿಡಿಯಲೇ ಎಂದು ಕೇಳಿದರೆ ಬೇಡ ಅನ್ನುತ್ತಾರೆ, ಕೇಳದೆ ಹಿಡಿ.

ಅಕ್ಕ


ಕಲಬುರಗಿ
೧೮ ಅಕ್ಟೋಬರ್ ೧೯೨೧

ಅಕ್ಕನಿಗೆ ಶರಣು.

ಭಾವನವರು ನಾಳೆ ಹೊರಡುತ್ತಾರೆ. ಅವರು ನಿನಗೆ ಪೂರ್ತಿ ಹೇಳುತ್ತಾರೋ ಇಲ್ಲವೋ ಎಂದು ನಾನೇ ಬರೆದು ಟಪ್ಪಾಲಿಗೆ ಹಾಕುತ್ತಿದ್ದೇನೆ.

ಮಂಡಳಿಯಲ್ಲಿ ಇಬ್ಬರು ಡಾಕ್ಟರುಗಳು, ಒಬ್ಬ ವಯಸ್ಸಾದ ದಂಡಿನ ಅಧಿಕಾರಿ. ಡಾಕ್ಟರು ಮೊಣಕಾಲನ್ನು ಒತ್ತಿ, ಎಳೆದು, ಎಷ್ಟು ಮಡಚುತ್ತದೆಂದು ಅಳೆದರು. ಕರೀಂಸಾಬರು ಹೊರಗೆ ಜಗಲಿಯ ಮೇಲೆ ಕುಳಿತಿದ್ದರು, ಕರೆದರೆ ರುಜು ಮಾಡಲು ಆಗಲೂ ತಯಾರಾಗಿ. ಅವರನ್ನು ಕರೆಯುವ ಪ್ರಸಂಗ ಬರಲಿಲ್ಲ. ಅಧಿಕಾರಿ ಏಳನೆಯ ಕಲಂ ತೆಗೆದಾಗ ಭಾವನವರು ನಿನಗೆ ಹೇಳಿದ್ದನ್ನೆಲ್ಲ ಉರ್ದುವಿನಲ್ಲಿ ಹೇಳಿದರು. ಒಂದು ಮಾತೂ ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ.

ಅಧಿಕಾರಿ ಕೇಳಿದರು: "ಅಂದರೆ ನೀನು ಹುಕುಂ ಮುರಿದೆ?"

"ಹೌದು ಹುಜೂರ್. ಹದಿನೆಂಟು ಸಲ ಪಾಲಿಸಿದೆ. ಒಂದು ಸಲ ಮುರಿದೆ."

"ಇದನ್ನು ಈಗ ಯಾಕೆ ಹೇಳುತ್ತೀ? ನಿನಗೆ ನಷ್ಟವಾಗಬಹುದು."

"ಕೇಳಿದ್ರಿ ಹುಜೂರ್. ಇಲ್ಲೀತನಕ ದಂಡಿನವರು ಯಾರೂ ಕೇಳಿದ್ದಿಲ್ಲ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕುದುರೆಯ ಹೆಸರೇನಿತ್ತು ಎಂದು ಕೇಳಿದರು. ಭಾವನವರು ಹೇಳಿದರು. ಅಷ್ಟಕ್ಕೆ ವಿಚಾರಣೆ ಮುಗಿಯಿತು, ತೀರ್ಪು ಆಮೇಲೆ ತಿಳಿಸುತ್ತಾರೆ.

ಮೆಟ್ಟಿಲಿಳಿಯುವಾಗ ಕೇಳದೆ ತೋಳು ಹಿಡಿದೆ. ಬೇಡ ಅನ್ನಲಿಲ್ಲ.

ಅಣವೀರಪ್ಪ


ಕಲಬುರಗಿ
೧೨ ಡಿಸೆಂಬರ್ ೧೯೨೧

ಅಕ್ಕನಿಗೂ ಭಾವನವರಿಗೂ ಶರಣು.

ತೀರ್ಪು ಬಂದಿದೆ. ಅಜಾಗರೂಕತೆ ಎಂಬ ಮಾತನ್ನು ಹೊಡೆದುಹಾಕಿದ್ದಾರೆ. ಪೆಟ್ಟು ಹುಕುಮಿನ ಕೆಲಸಕ್ಕೆ ನಿಂತ ಜಾಗದಲ್ಲೇ ಆದದ್ದರಿಂದ ದವಾಖಾನೆಯ ಎಂಟು ತಿಂಗಳು ನೌಕರಿಗೆ ಸೇರುತ್ತವೆ. ಹದಿನೈದು ವರ್ಷ ತುಂಬಿ ಮೂರು ತಿಂಗಳು ಹೆಚ್ಚಾಯಿತು. ವರ್ಷಗಳ ಪಿಂಚಣಿ ಜೀವ ಇರುವತನಕ ಬರುತ್ತದೆ. ಹುಕುಂ ಮುರಿದದ್ದಕ್ಕೆ ಶಿಕ್ಷೆಯ ಮಾತಿಲ್ಲ.

ಊನದ ಪಿಂಚಣಿ ಕೊಟ್ಟಿಲ್ಲ. ಕೆಲಸದಿಂದ ಪೆಟ್ಟಾಗಲಿಲ್ಲ, ಕೆಲಸ ಬಿಟ್ಟದ್ದರಿಂದ ಆಯಿತು ಎಂದು ಕಾರಣ ಬರೆದಿದ್ದಾರೆ. ಅರವತ್ತು ದಿನದೊಳಗೆ ಮೇಲರ್ಜಿ ಹಾಕಬಹುದು. ಹಾಕಬೇಕೆಂದು ನನ್ನ ಮನಸ್ಸು. ನಿಮ್ಮ ಮಾತಿಗೆ ಕಾಯುತ್ತೇನೆ.

ಅಣವೀರಪ್ಪ


ಕಮಲಾಪುರ
೨೮ ಡಿಸೆಂಬರ್ ೧೯೨೧

ಚಿರಂಜೀವಿ ತಮ್ಮ ಅಣವೀರಪ್ಪನಿಗೆ ಅಕ್ಕ ಮನಸಾರೆ ಹರಸಿ ಬರೆಯುವುದು.

ನಿನ್ನ ಪತ್ರ ಓದಿದಾಗ ಅವರು ತೀರ್ಪು ನ್ಯಾಯವಾಗಿದೆ ಎಂದರು. ದುಡಿದ ವರ್ಷಗಳಿಗೆ ಕೊಟ್ಟರು, ಸುರ್ಮಾಳ ಒದೆತಕ್ಕೆ ಕೊಡಲಿಲ್ಲ. ಅದಕ್ಕೆ ಕೊಟ್ಟಿದ್ದರೂ ತಾವು ಮುಟ್ಟುತ್ತಿರಲಿಲ್ಲ, ಮೇಲರ್ಜಿ ಬೇಡ ಎಂದರು. ನಾನು ಎಂಟು ದಿನ ಅದನ್ನೇ ಯೋಚಿಸಿದೆ.

ಡಾಕ್ಟರುಗಳು ಅಳೆದದ್ದು ಮೊಣಕಾಲನ್ನು. ಒಂದು ಮೊಣಕಾಲು ಮಡಚದವನು ಹೊಲಕ್ಕೆ ಹೋಗಬಹುದು, ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂಡಬಹುದು. ಬಾಗಿಲ ಸಪ್ಪಳಕ್ಕೆ ಊಟದ ತಾಟು ಕೈಜಾರುವುದು ಕಾಲಿನಿಂದಲ್ಲ. ಸುರ್ಮಾಳನ್ನು ಬಿಟ್ಟದ್ದರಿಂದ ಅವರ ಕಾಲು ಹೋಯಿತು. ಆ ಹದಿನೆಂಟನ್ನು ಬಿಡದೆ ಇದ್ದದ್ದರಿಂದ ಉಳಿದದ್ದು ಹೋಯಿತು. ಆ ಹದಿನೆಂಟು ಹುಕುಮಿನ ಕೆಲಸ ತಾನೇ? ಅದರಲ್ಲಿ ಏನೂ ಮುರಿದಿಲ್ಲವಲ್ಲ? ಹಾಗಾದರೆ ಅದರಿಂದ ಆದ ಊನವನ್ನು ಅಳೆಯುವವರು ಯಾರು?

ಇದನ್ನು ನಿನ್ನೆ ಅವರಿಗೇ ಹೇಳಿದೆ. ಅವರು ನನ್ನ ಕಡೆ ತಿರುಗಿ ಕುಳಿತರು. "ಇದಕ್ಕ ಯಾರೂ ಏನೂ ಕೊಡಂಗಿಲ್ಲ" ಎಂದರು. ಕೊಡದಿದ್ದರೆ ಬೇಡ, ನಮಗೆ ಊಟಕ್ಕೆ ಈಗ ಆಗುತ್ತದೆ, ಆದರೆ ಕೇಳದೆ ಬಿಡುವುದು ಬೇಡ ಎಂದೆ. ಇಂಥದಕ್ಕೆ ಅವರ ಅರ್ಜಿಯಲ್ಲಿ ಕಲಂ ಇಲ್ಲವೆಂದು ನನಗೂ ಗೊತ್ತು. ಏಳನೆಯದರಲ್ಲೇ ಬರೆ. ಜಾಗ ಸಾಲದಿದ್ದರೆ ಬೇರೆ ಹಾಳೆ ಹಚ್ಚು. ಸಂಕ್ರಮಣಕ್ಕೆ ನೀನು ಬಂದೇ ಬರಬೇಕು.

ಕೆಳಗಿನದು ಅವರೇ ಬರೆದದ್ದು. ನಾನು ಹೇಳಿ ಬರೆಸಿದ್ದಲ್ಲ.

ಅಕ್ಕ

ಅಣವೀರಪ್ಪಗ ಮಾಣಿಕಪ್ಪನ ಶರಣು. ನಿಮ್ಮ ಅಕ್ಕ ಬರದದ್ದು ಓದೀನಿ. ಖರೇ ಅದ. ಮ್ಯಾಲಿನ ಅರ್ಜಿ ಹಾಕ್ರಿ. ಏನೂ ಬರಲಿಲ್ಲಂದ್ರೂ ನಡೀತದ. ಹದಿನೆಂಟೂ ಕುದುರಿ ಹೆಸರು ನನಗ ನೆನಪ ಅದಾವ. ನೀವು ಬಂದಾಗ ಹೇಳ್ತೀನಿ. ಒಂದೂ ಬಿಡದಂಗ ಬರಕೋರಿ.